ಮಾಸ್ತರರ ಮೂರನೆಯ ಸಾವು

ನಾಟಕ ಕಂಪನಿ ಕಟ್ಟಿ, ತಾವೇ ಹಾಡು ಕಟ್ಟಿ, ತಾವೇ ಆಡಿಸುತ್ತಿದ್ದ ಗುರುಪಾದಪ್ಪ ಮಾಸ್ತರರಿಗೆ ಅರವತ್ತೆರಡು ತುಂಬಿದರೂ ರಾಜಕುಮಾರನ ಪಾತ್ರ ಬಿಡಲು ಮನಸ್ಸಿರಲಿಲ್ಲ. ಹೊಟ್ಟೆ ನಡುಪಟ್ಟಿಯ ಮಾತು ಕೇಳುವುದನ್ನು ಎಂದೋ ಬಿಟ್ಟಿತ್ತು. ಆದರೂ ಕೊನೆಯ ಅಂಕದಲ್ಲಿ ಎದೆಗೆ ಚೂರಿ ಹಾಕಿಸಿಕೊಂಡು, ಎಂಟು ನುಡಿ ಹಾಡಿಯೇ ಪ್ರಾಣ ಬಿಡುತ್ತಿದ್ದರು. ಒಂದು ಕಾಲಕ್ಕೆ ಜನ ‘ವನ್ಸ್ ಮೋರ್’ ಕೂಗಿ, ಸತ್ತವರನ್ನು ಎಬ್ಬಿಸಿ ಮತ್ತೆ ಹಾಡಿಸುತ್ತಿದ್ದರು. ಈಗ ಎರಡು ವರ್ಷದಿಂದ ಯಾರೂ ಎಬ್ಬಿಸಿರಲಿಲ್ಲ.

ಆ ಭಾನುವಾರದ ಮಧ್ಯಾಹ್ನ ಬಣ್ಣ ಹಚ್ಚಿಕೊಳ್ಳುವಾಗ, ಖಳನ ಪಾತ್ರದ ನಿಂಗರಾಜ ಕೇಳಿಯೇಬಿಟ್ಟ.

“ಮಾಸ್ತರ, ರಾಜಕುಮಾರನ ಪಾತ್ರ ನನಗ ಯಾವಾಗ ಕೊಡ್ತೀರಿ?”

“ಇವತ್ತ ಒಂದು ವನ್ಸ್ ಮೋರ್ ಬರಲಿಲ್ಲಂದ್ರ, ನಾಳೆಯಿಂದ ಕಿರೀಟ ನಿಂದು.”

ಕೊನೆಯ ಅಂಕ ಬಂದಾಗ ನಿಂಗರಾಜ, ಆ ಪಾತ್ರಕ್ಕಾಗಿ ಕಾದ ಹನ್ನೊಂದು ವರ್ಷದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಚೂರಿ ಹಾಕಿದ. ಮಾಸ್ತರರು ಬಿದ್ದರು, ಹಾಡಿದರು, ಸತ್ತರು.

“ವನ್ಸ್ ಮೋರ್,” ಎಂದು ಜನ ಕೂಗಿದರು.

ಮಾಸ್ತರರು ಒಂದು ಕಣ್ಣು ತೆರೆದು ನಿಂಗರಾಜನನ್ನು ನೋಡಿ ನಕ್ಕರು. ಎದ್ದು ಎಂಟೂ ನುಡಿ ಹಾಡಿ ಮತ್ತೆ ಸತ್ತರು. ಕೂಗು ಇನ್ನೂ ಜೋರಾಯಿತು.

“ಸಾಕ್ರಿ ಮಾಸ್ತರ, ಏಳಬ್ಯಾಡ್ರಿ,” ನಿಂಗರಾಜ ಪಿಸುಗುಟ್ಟಿದ.

“ಹೊಟ್ಟೆ ಉರಕೋಬ್ಯಾಡ,” ಎಂದು ಮಾಸ್ತರರು ಎದ್ದು, ಮುಂದೆ ಬಂದು ಜನರಿಗೆ ಕೈಮುಗಿದರು. “ಯಾವ ನುಡಿಯಿಂದ ಹಾಡ್ಲಿ, ಹೇಳ್ರಿ.”

ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು.

“ಹಾಡು ಬ್ಯಾಡೋ ಯಪ್ಪಾ. ಅವ ಚೂರಿ ಹಾಕಿದ್ನಲ್ಲಾ, ಅದನ್ನ ಇನ್ನೊಮ್ಮೆ ಮಾಡಸು.”