ಯಾರೂ ನುಡಿಸದ ಗಿಟಾರ್

ಹಲ್ಲಿನ ಡಾಕ್ಟರು ತಮ್ಮ ಪ್ಯಾಂಟಿನ ಹೊಲಿಗೆಯನ್ನು ತಾವೇ ಬ್ಲೇಡಿನಿಂದ ಬಿಚ್ಚಿಕೊಂಡು ದರ್ಜಿ ಅಂಗಡಿಗೆ ಬಂದಿದ್ದರು. ಒಳಗೆ ಕಾಲಿಡಲು ಒಂದು ನೆಪ ಬೇಕಿತ್ತು. ಕಣ್ಣಿದ್ದದ್ದು ಕಿಟಕಿಯಲ್ಲಿ ನಿಂತಿದ್ದ ಗಿಟಾರಿನ ಮೇಲೆ. ಆದ್ದರಿಂದಲೇ ಅವರು ಗೋಡೆ, ಕತ್ತರಿ, ದಾರದ ಉಂಡೆ ಎಲ್ಲವನ್ನೂ ದಿಟ್ಟಿಸಿ ನೋಡಿದರು, ಅದೊಂದನ್ನು ಬಿಟ್ಟು.

ದರ್ಜಿ ಹೆಂಗಸು ಆಗ ಹೊಲಿಯುತ್ತಿರಲಿಲ್ಲ. ಇನ್ನೊಂದು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತಿದ್ದಳು. ಪೆಡಲ್ ಗಿಡಲ್ ಏನೂ ಇಲ್ಲದ, ಸ್ಪೀಕರಿಗೆ ವಯರ್ ಚುಚ್ಚಿ ನುಡಿಸುವ ಹಳೆಯ ಸ್ಟೀಲ್ ಗಿಟಾರ್. ಏರಿಳಿತವೆಲ್ಲ ಕೈಯದೇ. ಸ್ವರ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರಲಿಲ್ಲ, ನಡೆದುಕೊಂಡು ಹೋಗುತ್ತಿತ್ತು. ಯಾರೋ ದೂರದಿಂದ ಹೆಸರು ಹಿಡಿದು ಕರೆದಂತೆ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುವುದನ್ನೇ ಮರೆತು ನಿಂತಿದ್ದ.

ಡಾಕ್ಟರಿಗೆ ಕಂಡದ್ದು ಬೇರೆ. ಮಣಿಕಟ್ಟು ಉಜ್ಜಿ ಬಣ್ಣ ಹೋದ ಜಾಗ. ಬೆವರಿನ ಕಲೆ. ಬದಲಾಯಿಸಿದ ತಂತಿ. ‘ಅಯ್ಯೋ, ನುಡಿಸಿ ನುಡಿಸಿ ಹಾಳು ಮಾಡಿಬಿಟ್ಟಿದ್ದಾಳೆ’ ಎಂದು ಮರುಗಿದರು.

ಈ ಮರುಕ ಅವರಿಗೆ ಬಂದದ್ದು ಸಂಘದಿಂದ. ಹಳೆಯ ಸ್ಟೀಲ್ ಗಿಟಾರ್ ಸಂಗ್ರಹಿಸುವವರ ಸಂಘ ಅದು. ಅದರ ಮೊದಲ ನಿಯಮ, ಗಿಟಾರ್ ನುಡಿಸಕೂಡದು. ಬೆರಳು ತಾಗಿದರೆ ತುಕ್ಕು, ವಯರ್ ಚುಚ್ಚಿದರೆ ಗೀರು, ಬೆಲೆ ಪಾತಾಳಕ್ಕೆ. ನಿಯಮ ಮಾಡಿದವರು ಅಧ್ಯಕ್ಷರು. ತಯಾರಾದ ದಿನದಿಂದ ಯಾರೂ ನುಡಿಸದ ಗಿಟಾರ್ ಇದ್ದದ್ದು ಅವರೊಬ್ಬರ ಬಳಿ ಮಾತ್ರ. ಈಗ ವಯಸ್ಸಾಗಿ ಕುರ್ಚಿ ಬಿಡುವವರಿದ್ದರು. ಅಂಥದ್ದೇ ಇನ್ನೊಂದನ್ನು ತಂದವರಿಗೇ ಕುರ್ಚಿ ಎಂದು ಸಾರಿದ್ದರು. ಡಾಕ್ಟರ ಆಸ್ಪತ್ರೆಯ ಕುರ್ಚಿ ಕಂಡರೆ ಜನ ಓಡಿಹೋಗುತ್ತಿದ್ದರು. ಈ ಕುರ್ಚಿಗಾಗಿ ಡಾಕ್ಟರು ಊಟ ನಿದ್ದೆ ಬಿಟ್ಟಿದ್ದರು.

“ಸೊಂಟದ ಹತ್ರ ಬಿಚ್ಕೊಂಡಿದೆ,” ಎಂದು ಕೈಯಲ್ಲಿದ್ದ ಪ್ಯಾಂಟನ್ನು ಮೇಜಿನ ಮೇಲಿಟ್ಟರು.

ಅವಳು ಹೊಲಿಗೆ ನೋಡಿದಳು. “ಬಿಚ್ಕೊಂಡಿಲ್ಲ ಡಾಕ್ಟ್ರೇ. ಯಾರೋ ಕೊಯ್ದಿದ್ದಾರೆ.”

“ಮನೇಲಿ ಇಲಿ ಕಾಟ.”

“ಗೆರೆ ಎಳೆದು ಕೊಯ್ದಿದೆ ನಿಮ್ಮ ಇಲಿ.”

ಡಾಕ್ಟರು ಆಕಳಿಸಿದಂತೆ ಮಾಡಿ ಕಿಟಕಿಯತ್ತ ತಿರುಗಿದರು. “ಅಲ್ಲೇನೋ ಧೂಳು ಹಿಡೀತಿದೆಯಲ್ಲ?”

“ಅದಾ? ನಮ್ಮ ಮಾವನ ಕಾಲದ್ದು. ಆಗ ಇದು ವಾದ್ಯದ ಅಂಗಡಿ.”

“ಯಾರೂ ನುಡಿಸಲ್ವಾ ಅದನ್ನ?” ದನಿ ನಡುಗದಂತೆ ನೋಡಿಕೊಂಡರು.

“ಅದನ್ನ ಯಾರು ನುಡಿಸ್ತಾರೆ! ಎಷ್ಟೋ ಜನ ಬಂದು ಕೇಳಿದ್ರು, ಮಾವ ಕೊಡಲಿಲ್ಲ. ಯಾಕಂದ್ರೆ ಅದರೊಳಗೆ...”

“ಗೊತ್ತಮ್ಮ, ಗೊತ್ತು.”

ಮಾರುವವರು ಹಳೆಯದನ್ನು ನೆನೆಯುತ್ತ ಹೋದಷ್ಟೂ ಬೆಲೆ ಏರುತ್ತದೆ ಎಂಬುದು ಡಾಕ್ಟರ ಅನುಭವ. ಮೇಲಾಗಿ, ಎದುರಿನವರ ಮಾತು ಕೇಳುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಅವರ ಮುಂದೆ ಬಾಯಿ ತೆರೆದವರು ಯಾರೂ ಮಾತಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಗಿಟಾರನ್ನು ಎತ್ತಿಕೊಂಡರು. ಒಂದು ಗೀರಿಲ್ಲ. ಹೂವಿನಂತೆ ಹಗುರ. ಹಳೆಯ ಮರ, ಚೆನ್ನಾಗಿ ಒಣಗಿದೆ ಎಂದು ಮನಸ್ಸಿನಲ್ಲೇ ತಲೆದೂಗಿದರು.

“ಬೇಕಾದ್ರೆ ನನ್ನದನ್ನೂ ಒಂದ್ಸಲ ಎತ್ತಿ ನೋಡಿ ಡಾಕ್ಟ್ರೇ, ಆಮೇಲೆ ನಿಮಗೇ...”

“ನಿನ್ನದು ನಿನಗಿರಲಿ ತಾಯಿ. ನನಗೆ ಕಲಿಸೋಕೆ ಬರಬೇಡ.”

ಅವಳು ಸೂಜಿಗೆ ದಾರ ಪೋಣಿಸುತ್ತ ನಕ್ಕಳು. “ಇದರ ಜೋಡಿ ಇನ್ನೊಂದಿತ್ತು. ಮಾವ ಇಲ್ಲದಾಗ ಒಬ್ರು ಯಜಮಾನ್ರು ತಗೊಂಡು ಹೋದ್ರು. ಅವರೂ ನಿಮ್ಮ ಹಾಗೇ, ಒಂದು ಮಾತು ಪೂರ್ತಿ ಆಡೋಕೆ ಬಿಡಲಿಲ್ಲ.”

ಡಾಕ್ಟರು ಗಿಟಾರನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಬೇರೆ ಯಾರೋ ಇದರ ವಾಸನೆ ಹಿಡಿದಿದ್ದಾರೆ! “ಏನು ಕೊಡಲಿ ಹೇಳು. ಬೇಗ.”

“ಏನೂ ಬೇಡ. ಹೊಲಿದ ಬಟ್ಟೆ ನೇತುಹಾಕೋಕೆ ಜಾಗ ಸಿಕ್ಕಿದ್ರೆ ಸಾಕು. ಪ್ಯಾಂಟಿನ ಕೂಲಿ ಕೊಟ್ಟು ತಗೊಂಡು ಹೋಗಿ.”

ಡಾಕ್ಟರು ಕೂಲಿ ಕೊಟ್ಟರು. ಅದರಲ್ಲೂ ಚಿಲ್ಲರೆ ವಾಪಸ್ ಕೇಳಿ ಪಡೆದರು. ಆಮೇಲೆ ಮಗುವನ್ನು ಎತ್ತಿಕೊಂಡವರಂತೆ ಗಿಟಾರನ್ನು ಎದೆಗವಚಿಕೊಂಡು, ಪ್ಯಾಂಟನ್ನು ಅಲ್ಲೇ ಬಿಟ್ಟು ಓಡಿದರು.

ಭಾನುವಾರ ಸಂಘದ ಸಭೆ. ಡಾಕ್ಟರು ಗಿಟಾರಿಗೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಸದಸ್ಯರು ಮುಂದಕ್ಕೆ ಬಾಗಿದರು. ಬಿಳಿ ಕೈಗವಸು ತೊಟ್ಟ ಅಧ್ಯಕ್ಷರು ಮುಂದೆ ಬಂದರು. ಅಷ್ಟರಲ್ಲಿ, ಕುರ್ಚಿಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ಔಷಧಿ ಅಂಗಡಿಯವನು ಎದ್ದು ನಿಂತ.

“ನೋಡೋಕೇನೋ ಚೆಂದ ಇದೆ. ಒಂದೇ ಒಂದು ಸಲ ವಯರ್ ಚುಚ್ಚಿ ಕೇಳಿಬಿಡೋಣ. ಎಷ್ಟಾದ್ರೂ ಗಿಟಾರ್ ತಾನೇ?”

ಸಭೆ ಬೆಚ್ಚಿಬಿತ್ತು. ಡಾಕ್ಟರು ಉತ್ತರ ಹುಡುಕುವ ಮೊದಲೇ ಅಧ್ಯಕ್ಷರು ಮೇಜು ಗುದ್ದಿದರು. “ನಾಚಿಕೆ ಆಗಲ್ವೇನ್ರೀ! ಇದು ಸಂಘವೋ, ವಾದ್ಯಗೋಷ್ಠಿಯೋ? ಕೂತ್ಕೊಳ್ಳಿ!”

ಔಷಧಿ ಅಂಗಡಿಯವನು ಮುದುಡಿ ಕೂತ. ಅಧ್ಯಕ್ಷರು ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದರು. ಒಂದು ಕ್ಷಣ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮರುಕ್ಷಣ, ವರ್ಷಗಳ ಹೊರೆ ಇಳಿಸಿದವರಂತೆ ಮುಖ ಅರಳಿತು. “ಇಂಥದ್ದನ್ನ ಇಟ್ಕೊಂಡವರೇ ಈ ಕುರ್ಚಿಗೆ ಯೋಗ್ಯರು,” ಎಂದು ಘೋಷಿಸಿದರು. ಚಪ್ಪಾಳೆ ಬಿದ್ದಿತು. ಡಾಕ್ಟರ ಕಣ್ಣು ತುಂಬಿ ಬಂತು. ಅಧ್ಯಕ್ಷರು ಅವರನ್ನು ಬಾಚಿ ತಬ್ಬಿಕೊಂಡು, ಚಪ್ಪಾಳೆ ನಿಲ್ಲುವ ಮೊದಲೇ ಕಿವಿಯಲ್ಲಿ ಉಸುರಿದರು:

“ಅಂಗಡಿಯ ಅಂದಕ್ಕೆ ಅಂತ ಕಂಪನಿಯವರು ಕಳಿಸಿದ ಟೊಳ್ಳು ಡಬ್ಬ ಇದು, ಡಾಕ್ಟ್ರೇ. ತಂತಿಯ ದನಿ ಹಿಡಿದು ಸ್ಪೀಕರಿಗೆ ಕಳಿಸೋ ಅಯಸ್ಕಾಂತವೂ ಒಳಗಿಲ್ಲ, ಸುರುಳಿಯೂ ಇಲ್ಲ, ಜನ್ಮದಲ್ಲಿ ದನಿ ಬರಲ್ಲ. ಇನ್ಮೇಲೆ ಆ ನಿಯಮವನ್ನ ನೀವು ಕಾಯಬೇಕು. ನನ್ನದೂ ಇದರ ಜೋಡಿಯೇ.”