ಚನ್ನಬಸವ್ವನ ಪಾಲು

ಕಾಶಪ್ಪ ಚಾಚಿದ ರೊಟ್ಟಿಯ ಚೂರನ್ನು ಚನ್ನಬಸವ್ವ ಇವತ್ತೂ ಸರಿಸಿದಳು. "ನನಗ ಬ್ಯಾಡ ತಮ್ಮಾ, ನೀವು ತಿನ್ರಿ." ಅವಳ ಎಡಗೈ ಮಾತ್ರ ಸೆರಗಿನೊಳಗೆ ಎದೆಗೆ ಒತ್ತಿಕೊಂಡೇ ಇತ್ತು.

ಇಂದ್ರಾಯಣಿ ಹೊಳೆ ಏರಿ ಇಟ್ಟಿಗೆ ಭಟ್ಟಿಯ ಗುಡಿಸಲುಗಳನ್ನು ಕೊಚ್ಚಿಕೊಂಡು ಹೋಗಿತ್ತು. ಸುತ್ತ ನೀರು, ನಡುವೆ ಈ ದಿಬ್ಬ, ದಿಬ್ಬದ ಮೇಲೆ ಈ ಮೂವರು. ಖಡಕಿಯಿಂದ ಬರಬೇಕಿದ್ದ ಮಿಲಿಟರಿ ದೋಣಿಯ ಸುಳಿವಿಲ್ಲ. ಕಾಶಪ್ಪನ ಹೆಂಡತಿ ಮರೆಮ್ಮ ತಲೆಯ ಮೇಲೆ ಹೊತ್ತು ತಂದಿದ್ದ ರೊಟ್ಟಿಯೂ ಮುಗಿಯುತ್ತ ಬಂದಿತ್ತು. ನಿನ್ನೆಯಿಂದ ಉಪವಾಸವಿರುವ ಮುದುಕಿ ರೊಟ್ಟಿ ಬೇಡ ಅಂದರೆ ಕಾಶಪ್ಪ ನಂಬುವ ಆಸಾಮಿಯಲ್ಲ. ಹಿಡಿದುಕೊಟ್ಟ ಮಳೆನೀರನ್ನೂ ಅವಳು ಕುಡಿದಿರಲಿಲ್ಲ.

"ಸೆರಗಿನಾಗ ಏನೋ ಗಂಟು ಅದ. ನಾವು ಮಲಗಿದಾಗ ತಿಂತಾಳ," ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದ.

"ಸುಮ್ನಿರ್ರಿ," ಅಂದಳು ಮರೆಮ್ಮ. ಆದರೆ ಅವಳ ಕಣ್ಣೂ ಆ ಸೆರಗಿನ ಮೇಲೇ ಇತ್ತು.

ಕಾಶಪ್ಪನಿಗೆ ತಡೆಯಲಾಗಲಿಲ್ಲ. "ಎಲ್ಲಿ ಆಯಿ, ಕೈ ತೋರ್ಸು," ಎನ್ನುತ್ತ ಹೋಗಿ ಕೈ ಎಳೆದು ಮುಷ್ಟಿ ಬಿಡಿಸಿದ. ಅಂಗೈಯಲ್ಲಿ ಅವಳ ಕೊರಳಿನ ಬೆಳ್ಳಿ ಕರಡಿಗೆಯಿತ್ತು. ಅದರ ಮುಚ್ಚಳ ಕಿತ್ತುಹೋಗಿತ್ತು, ಒಳಗೆ ಏನೂ ಇರಲಿಲ್ಲ.

"ಲಿಂಗ ಹೊಳಿ ಪಾಲಾತು ತಮ್ಮಾ," ಅಂದಳು ಮುದುಕಿ. "ಸ್ವಾಮಿಗೋಳು ಮತ್ತ ಲಿಂಗ ಕಟ್ಟೋತನಕ ನನ್ನ ಬಾಯಿಗೆ ನೀರೂ ಇಲ್ಲ. ಮೊದಲ ಹೇಳಿದ್ರ ನಿಮಗ ಗಂಟಲಾಗ ರೊಟ್ಟಿ ಇಳೀತಿತ್ತೇನು?"

ಕಾಶಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಮತ್ತೆ ಮಡಚಿದ. ಅವನ ಇನ್ನೊಂದು ಕೈಯಲ್ಲಿದ್ದ ಅವಳ ಪಾಲಿನ ರೊಟ್ಟಿಯ ಮೇಲೆ ಆಗಲೇ ಅವನ ಹಲ್ಲಿನ ಗುರುತಿತ್ತು.