ಕೆಂಪು ಶಾಯಿಯ ಎಚ್ಚರಿಕೆ

ಕೈ ತೊಳೆಯಲೆಂದು ಒಳಗೆ ಹೋದ ಶರಣಬಸಮ್ಮ ಹೊರಗೆ ಬರುವಾಗ ಪುಸ್ತಿಕೆಯೊಂದನ್ನು ಸೆರಗಿನ ಮರೆಯಲ್ಲಿ ಕದ್ದು ತಂದಿದ್ದಳು. ತಪ್ಪೆನಿಸಲಿಲ್ಲ. ಇವತ್ತು ಮಗನ ಮದುವೆಯ ಮುಹೂರ್ತ ಗೊತ್ತು ಮಾಡಲು ಬಂದದ್ದು. ಬೀಗರಾಗುವವರೇ ಕಳ್ಳರಾದರೆ ಅವರ ಮನೆಯಲ್ಲಿ ಕದಿಯುವುದು ಎಂಥ ತಪ್ಪು?

ಅದು ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮಿನ ಜೊತೆ ಬರುವ ಪುಸ್ತಿಕೆ. ಮೊದಲ ಪುಟದಲ್ಲೇ ಇಂಗ್ಲಿಷಿನಲ್ಲಿ ಎಚ್ಚರಿಕೆ. ಮಿನುಗುವ ಬೆಳಕು ಕಂಡರೆ ಕೆಲವರಿಗೆ ಮೂರ್ಛೆ ಬರಬಹುದು. ಕೋಣೆಯಲ್ಲಿ ದೀಪ ಉರಿಯುತ್ತಿರಲಿ. ಟಿವಿಯಿಂದ ದೂರ ಕುಳಿತುಕೊಳ್ಳಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಸಾಲುಗಳ ಕೆಳಗೆ ಕೆಂಪು ಶಾಯಿಯ ಗೆರೆ. ಅಂಚಿನಲ್ಲಿ ಸೊಸೆಯಾಗಲಿರುವ ಶಿವದೇವಿಯ ಕೈಬರಹ. ಹುಡುಗಿ ನೋಡಲು ಬಂದ ದಿನ ತಾನೇ ನಾಲ್ಕು ಸಾಲು ಬರೆಸಿ ಮೆಚ್ಚಿದ್ದ ದುಂಡು ಅಕ್ಷರ: ‘ಟ್ಯೂಬ್‌ಲೈಟು? ಸಿನಿಮಾ? ಮಕ್ಕಳಿಗೂ ಬರುತ್ತದೆಯೇ?’

ಮಕ್ಕಳಿಗೂ! ಅಂದರೆ ಹುಡುಗಿಗೆ ಮೂರ್ಛೆರೋಗ, ಅದನ್ನು ಮುಚ್ಚಿಟ್ಟಿದ್ದಾರೆ.

ಎಕ್ಸ್‌ಚೇಂಜಿನಲ್ಲಿ ಒಬ್ಬಾಕೆ ಇದೇ ರೋಗ ಬಂದು ಬೋರ್ಡಿನೆದುರು ಬಿದ್ದಿದ್ದಳು. ನೊರೆ, ಒದ್ದೆಯಾದ ಸೀರೆ, ಯಾರೋ ಮೂಗಿಗೆ ಹಿಡಿದ ಚಪ್ಪಲಿ, ಮುಷ್ಟಿಗೆ ತುರುಕಿದ ಬೀಗದ ಕೈಗಳು. ಮನೆಗೆ ಬಂದು ಶರಣಬಸಮ್ಮ ಎರಡು ಸಲ ಮೈ ತೊಳೆದಿದ್ದಳು. ಊಟದ ಹೊತ್ತಿನಲ್ಲಿ ಆಕೆಯ ಸೊಟ್ಟ ಬಾಯನ್ನು ಅಣಕಿಸಿ ತೋರಿಸಿ, “ಇಂಥಾವ್ರನ್ನ ಹೆತ್ತವ್ರು ಹೊಸ್ತಿಲ ದಾಟಿಸಬಾರ್ದು” ಎಂದಿದ್ದಳು. ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಗ ಮಲ್ಲಿಕಾರ್ಜುನ ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದ. ಮೊದಲಿಂದಲೂ ಮೆತ್ತನೆಯ ಹುಡುಗ.

ಆ ಮೆತ್ತಗಿನವನನ್ನೇ ಇವರು ಹಿಡಿದರು. ಹೋದ ತಿಂಗಳು ಹುಡುಗ ಹುಡುಗಿ ಮಾತಾಡಲೆಂದು ಮಾಳಿಗೆಗೆ ಹೋದವರು ಅರ್ಧ ಗಂಟೆ ಬಿಟ್ಟು ಇಳಿದಿದ್ದರು. ಶಿವದೇವಿಯ ಕಣ್ಣು ಕೆಂಪಗಿತ್ತು. “ಏನಂದಳೋ?” ಎಂದು ಕೇಳಿದರೆ ಮಗ, “ಏನಿಲ್ಲವ್ವಾ” ಎಂದಿದ್ದ. ಇವತ್ತು ಬಂದು ನೋಡಿದರೆ ಕೋಣೆಯ ಟ್ಯೂಬ್‌ಲೈಟ್ ಮಾಯ, ಅಲ್ಲೊಂದು ಮಂಕು ಬಲ್ಬು. ಟಿವಿಯ ಪಕ್ಕದಲ್ಲಿದ್ದ, ಶಿವದೇವಿಯ ಅಣ್ಣನ ಗೇಮ್ ಪೆಟ್ಟಿಗೆ ಬಟ್ಟೆ ಸುತ್ತಿಸಿಕೊಂಡು ಕಪಾಟಿನ ಮೇಲೇರಿತ್ತು.

“ದಿಲ್‌ಸುಖ್‌ನಗರದಿಂದ ಕೂಕಟ್‌ಪಲ್ಲಿಗಂದ್ರ ಊರಿನ ಆ ತುದಿಯಿಂದ ಈ ತುದಿ, ಎರಡು ಬಸ್ಸು. ಭಾಳ ತ್ರಾಸಾತೇನ್ರಿ?” ಹುಡುಗಿಯ ತಾಯಿ ನೀಲಗಂಗಮ್ಮ ಚಹಾ ಇಟ್ಟಳು. ಮೇಲೆ ಕೆನೆ ಸುಕ್ಕುಗಟ್ಟಿತ್ತು. ಅದನ್ನು ನೋಡಿದರೂ ಹೇಸಿಗೆ.

“ನಮ್ಮ ಮಲ್ಲು ಸ್ಕೂಟರ್ ಮುಟ್ಟಂಗಿಲ್ರಿ. ಸಿನಿಮಾ ಇಲ್ಲ, ಜಾಗರಣಿ ಇಲ್ಲ, ಒಂಬತ್ತಕ್ಕ ಹಾಸಿಗಿ. ನಮ್ಮ ಮನ್ಯಾಗ ಮುಚ್ಚಿಡೋವಂಥಾದ್ದು ಏನೂ ಇಲ್ಲ,” ಎಂದಳು ಶರಣಬಸಮ್ಮ, ಕೊನೆಯ ಮಾತನ್ನು ಒತ್ತಿ.

“ಗೊತ್ತೈತ್ರಿ,” ಎಂದ ಹುಡುಗಿಯ ತಂದೆ ಸಂಗಣ್ಣ. “ಅದಕ್ಕ ಹುಡುಗನ ಮ್ಯಾಲೆ ನಮಗ ಭಾಳ ಅಭಿಮಾನ.”

ಮಲ್ಲಿಕಾರ್ಜುನ ತಲೆ ತಗ್ಗಿಸಿ ಕುಳಿತಿದ್ದ.

ನಾಚಿಕೆಗೆಟ್ಟವರು. ಪುಸ್ತಿಕೆ ತೆಗೆದು ಮುಖಕ್ಕೆ ಎಸೆದರೆ ಏನೋ ಒಂದು ಕಥೆ ಹೇಳಿ ಜಾರಿಕೊಳ್ಳುತ್ತಾರೆ. ಮಗನೂ ಅವರ ಪರ ನಿಲ್ಲುತ್ತಾನೆ. ಅವನ ಎದುರಿಗೇ ಇವಳು ಬೀಳಬೇಕು. ಒಮ್ಮೆ ಬಿದ್ದರೆ ಸಾಕು, ಮದುವೆ ಮುರಿಯಲು ಮಾತೇ ಬೇಕಿಲ್ಲ.

“ಶಿವದೇವಿ, ನಿಮ್ಮಣ್ಣನ ಗೇಮು ಯಾಕ ಮ್ಯಾಲೇರಿಸೀರಿ?”

“ಕೆಟ್ಟೈತ್ರಿ ಅತ್ತಿ.”

“ವಾಯರ್ ಸಡ್ಲಾಗಿರಬೇಕು. ನಾ ಜಲ್ಮೆಲ್ಲಾ ವಾಯರ್ ಚುಚ್ಚೇ ಹೊಟ್ಟಿ ಹೊರ್ದಾಕಿ. ನೋಡೂಣು.”

“ಈಗ್ಯಾಕ್ರಿ ಅದು? ಮುಹೂರ್ತದ ಮಾತಾಡೂಣು,” ಸಂಗಣ್ಣನ ದನಿ ಅಳುಕಿತು.

“ಅದಕ್ಕೇನು ಗಡಿಬಿಡಿ? ಸೊಸಿ ಆಡೋದು ನೋಡಬೇಕಂತ ಆಸೆ ನನಗ.”

ಅವಳು ಆಗಲೇ ಪೆಟ್ಟಿಗೆ ಇಳಿಸಿದ್ದಳು. ಶಿವದೇವಿ ಮಲ್ಲಿಕಾರ್ಜುನನಿಗೆ ಕಣ್ಣಲ್ಲೇ ಏನೋ ಹೇಳಿದಳು. ಅವನು ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ತನ್ನ ಹೊಲಸು ಅವನಿಗೆ ಕಾಣಬಾರದೆಂದು ಕಳಿಸಿದಳೇ! ಎಷ್ಟು ಚೆನ್ನಾಗಿ ಪಳಗಿಸಿದ್ದಾಳೆ! ಇರಲಿ, ಬಿದ್ದ ಮೇಲೆ ಕರೆದು ತೋರಿಸಿದರಾಯಿತು.

ಶರಣಬಸಮ್ಮ ಪುಸ್ತಿಕೆ ಹೇಳಿದ್ದನ್ನೆಲ್ಲ ತಿರುವುಮುರುವಾಗಿ ಮಾಡಿದಳು. ಶಿವದೇವಿಯನ್ನು ಟಿವಿಗೆ ಮೊಳದಷ್ಟು ಹತ್ತಿರ ಕೂರಿಸಿದಳು. ವಾಯರ್ ಚುಚ್ಚಿದಳು. ಆಮೇಲೆ, “ಚಲೋ ಕಾಣಲಿ” ಎನ್ನುತ್ತ ಬಲ್ಬು ಆರಿಸಿದಳು. ಮುಸ್ಸಂಜೆಯ ಕೋಣೆ ಕತ್ತಲಾಯಿತು. ಪರದೆಯ ಮೇಲೆ ಏನೋ ಸಿಡಿಯಿತು. ಕೆಂಪು, ಬಿಳಿ, ಕೆಂಪು, ಬಿಳಿ. ಗೋಡೆಗಳೇ ಕಣ್ಣು ಮಿಟುಕಿಸಿದ ಹಾಗೆ.

“ಬ್ಯಾಡ್ರೀ!” ನೀಲಗಂಗಮ್ಮ ಕಿರುಚಿದಳು.

ಆ ಕೂಗಿಗೆ ಬಾಲ್ಕನಿಯ ಬಾಗಿಲು ತೆರೆಯಿತು. “ಏನಾತವ್ವಾ?” ಎನ್ನುತ್ತ ಮಲ್ಲಿಕಾರ್ಜುನ ಒಳಗೆ ಓಡಿಬಂದ.

ಬಂದದ್ದು ಒಳ್ಳೆಯದೇ ಆಯಿತು. ಶರಣಬಸಮ್ಮ ಅವನತ್ತ ತಿರುಗಲಿಲ್ಲ. ಅವಳ ದೃಷ್ಟಿ ಶಿವದೇವಿಯ ಮುಖದ ಮೇಲೆ ನೆಟ್ಟಿತ್ತು. ಈಗ ರೆಪ್ಪೆ ಅದುರುತ್ತದೆ. ಈಗ ಬಾಯಿ ಸೊಟ್ಟಗಾಗುತ್ತದೆ.

ಹುಡುಗಿ ಪರದೆಯನ್ನು ನೋಡಲೇ ಇಲ್ಲ. ಕುರ್ಚಿ ಒದ್ದು ಎದ್ದಳು. ಶರಣಬಸಮ್ಮನನ್ನು ನೂಕಿಕೊಂಡು ಹಾಯ್ದಳು. ಬೆನ್ನ ಹಿಂದೆ ಟೀಪಾಯಿ ಉರುಳಿತು, ಕಪ್ಪುಗಳು ಒಡೆದವು, ಭಾರವಾದದ್ದೇನೋ ನೆಲಕ್ಕೆ ಬಡಿಯಿತು.

“ಟಿವಿ ಬಂದ್ ಮಾಡ್ರಿ ಅತ್ತಿ!” ಮಲ್ಲಿಕಾರ್ಜುನನ ಅದುರುವ ತಲೆಯ ಕೆಳಗೆ ಎರಡೂ ಅಂಗೈ ಒಡ್ಡಿ, ಶಿವದೇವಿ ನೆಲದಿಂದ ಚೀರಿದಳು. “ಇವ್ರು ನಿಮಗ ಇನ್ನೂ ಹೇಳೇ ಇಲ್ಲೇನು?”